ಅಪ್‌ಡೇಟ್: ಕಾರೋ-ಕಾನ್‌ನಲ್ಲಿ ಸಿ5 ಆಡಿಯೇ ಬಿಟ್ಟೆ

ಹೋದ ಸಲ ಕೇಳಿದ್ದೆನಲ್ಲ, ಚೆಸ್‌ನ ಕಾರೋ-ಕಾನ್‌ನಲ್ಲಿ (ಬಿಳಿಯ ಇ4ಗೆ ಕಪ್ಪು ಸಿ6 ಆಡುವ ಆರಂಭ) ಬಿಳಿ ಮೂರನೇ ನಡೆಗೆ ಪಾನನ್ನು ಇ5ಗೆ ತಳ್ಳಿದರೆ ಕಪ್ಪು ಆಡುವ ನಾನು ಬಿಷಪ್ಪನ್ನು ಎಫ್5ಗೆ ತರಬೇಕಾ, ಸಿ5 ಆಡಬೇಕಾ (ಅಂದರೆ ಪಾನನ್ನು ಸಿ5ಗೆ ತಳ್ಳಬೇಕಾ) ಅಂತ. ಹೆಚ್ಚಿನವರು ಸಿ5 ಅಂದಿರಿ. 1961ರ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಟಾಲ್ ವಿರುದ್ಧ ಬೋಟ್ವಿನ್ನಿಕ್ ಆಡಿದ್ದೂ ಇದೇ. ಟೂರ್ನಮೆಂಟ್‌ನಲ್ಲಿ ಅದನ್ನೇ ಆಡಿದೆ.

ಎದುರಾಳಿ ಸಿ5 ಪಾನ್ ಹೊಡೆದರು. ನಾನು ಇ6. ಆ ಪಾನ್ ಉಳಿಸಿಕೊಳ್ಳಲು ಅವರ ಬಿಷಪ್ ಇ3ಗೆ ಬಂತು. ನನ್ನ ಕುದುರೆ ಇ7 ಮೂಲಕ ಎಫ್5ಗೆ ಹೋಯಿತು. ಅವರು ಸಿ3 ಆಡಿ ಬಿಷಪ್ಪನ್ನು ಡಿ4ಗೆ ಸರಿಸಿದರು. ಅದನ್ನು ಕುದುರೆಯಿಂದ ಅಲ್ಲೇ ಹೊಡೆದೆ, ಅವರು ಸಿ ಪಾನ್‌ನಿಂದ ವಾಪಸ್ ಹೊಡೆದರು.

ಆಮೇಲಿನದು ನನಗೆ ತುಂಬಾ ಇಷ್ಟವಾದ ಭಾಗ. ಎಲ್ಲವೂ ಪಾನ್ ನಡೆಗಳೇ: ನಾನು ಬಿ6, ಅವರು ಬಿ4, ನಾನು ಎ5, ಅವರು ಎ3. ನೋಡಲು ಸಹಜ ನಡೆ, ಅಲ್ವಾ? ಆದರೆ ನಾನು ಬಿ4ರಲ್ಲಿ ಹೊಡೆದಾಗ ಎ ಪಾನ್ ವಾಪಸ್ ಹೊಡೆಯುವಂತಿಲ್ಲ. ಹೊಡೆದರೆ ಎ ಸಾಲು ತೆರೆದುಕೊಂಡು ನನ್ನ ಆನೆಗೆ ಅವರ ಎ1ರ ಆನೆ ಸಿಗುತ್ತದೆ. ಬಿ1ರ ಕುದುರೆ ಇನ್ನೂ ಎದ್ದಿಲ್ಲ, ಹಾಗಾಗಿ ರಾಣಿಯ ಕಾವಲು ಅಲ್ಲಿಗೆ ತಲುಪುವುದಿಲ್ಲ. ಎ3 ಬದಲು ಬಿಷಪ್ಪಿನಿಂದ ಬಿ5ರಲ್ಲಿ ಚೆಕ್ ಕೊಟ್ಟಿದ್ದರೆ ಆಟ ಇನ್ನೂ ಬಿಗಿಯಾಗಿರುತ್ತಿತ್ತು.

ಕೊನೆಗೆ ಡ್ರಾ. ಆನೆಗಳ ಎಂಡ್‌ಗೇಮ್‌ನಲ್ಲಿ ರಾಜನ ಬದಿ ನಾಲ್ಕಕ್ಕೆ ಮೂರು ಪಾನ್ ಉಳಿದವು, ಅವರು ಚೆನ್ನಾಗಿ ರಕ್ಷಿಸಿಕೊಂಡರು. ಆದರೂ ಇನ್ನು ಸಿ5 ಬಿಡುವುದಿಲ್ಲ. ಬಿಳಿ ಸಿ5 ಹೊಡೆಯದೆ ಸಿ3 ಆಡಿದರೆ ನೀವೇನು ಆಡುತ್ತೀರಿ?