ಸಹಾಯ ಬೇಕು: ಹಳೆಯ ಕಾರ್ಡ್ ಆಟದ ಮೂಲಚಿತ್ರಕ್ಕೆ ಬೂಷ್ಟು ಹಿಡಿದಿದೆ

ಎಲ್ಲರಿಗೂ ನಮಸ್ಕಾರ. ಸಿಯಾಟಲ್‌ನಲ್ಲಿದ್ದ ನಮ್ಮಣ್ಣ 90ರ ದಶಕದಲ್ಲಿ ಕಲಾವಿದರಿಂದಲೇ ಕೊಂಡು ತಂದ ಪುಟ್ಟ ಜಲವರ್ಣ ಚಿತ್ರವೊಂದು ಈಗ ಮಂಗಳೂರಿನ ನಮ್ಮ ಮನೆಯಲ್ಲಿದ್ದು, ಅದು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದ ಆರಂಭದ ಕಾರ್ಡೊಂದಕ್ಕೆ ಬರೆದ ಮೂಲಚಿತ್ರ. 1993ರಲ್ಲಿ 295 ಕಾರ್ಡುಗಳೊಂದಿಗೆ ಹೊರಬಂದ ಆ ಆಟಕ್ಕೆ ಕಲಾ ನಿರ್ದೇಶಕ ಜೆಸ್ಪರ್ ಮಿರ್ಫೋರ್ಸ್ ಅವರು ಸಿಯಾಟಲ್‌ನ ಕಾರ್ನಿಶ್ ಕಲಾಶಾಲೆಯಲ್ಲಿ ಓದಿದ್ದ ಕೆಲವರನ್ನೂ ಸೇರಿಸಿಕೊಂಡು ಚಿತ್ರ ಬರೆಸಿದ್ದರು. ಕುಂಚದಲ್ಲಿ ಬರೆದ ಮೂಲಪ್ರತಿಗಳು ಕಲಾವಿದರ ಬಳಿಯೇ ಉಳಿಯುತ್ತಿದ್ದುದರಿಂದ ಅಭಿಮಾನಿಗಳು ಅವರಿಂದ ನೇರವಾಗಿ ಕೊಳ್ಳಬಹುದಾಗಿತ್ತು.

ಕಾರ್ಡಿನಲ್ಲಿ ಬೆರಳಗಲದಷ್ಟೇ ಕಾಣುವ ರೆಕ್ಕೆಯ ಅಂಚಿನಲ್ಲಿ ಕಲಾವಿದರು ಮೊದಲು ಎಳೆದ ಪೆನ್ಸಿಲ್ ಗೆರೆ ನಮ್ಮ ಪ್ರತಿಯಲ್ಲಿ ಇನ್ನೂ ಸ್ಪಷ್ಟವಾಗಿದೆ. ಕಳೆದ ಮಳೆಗಾಲದ ಬಳಿಕ ಅದೇ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಎದ್ದಿವೆ. ಕಾಗದದ ಒಂದು ಮೂಲೆ ಗಾಜಿಗೆ ಅಂಟಿಕೊಂಡಿದೆ. ಫ್ರೇಮ್ ಹಾಕುವವರೊಬ್ಬರು ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿದರು, ಆದರೆ ನೀರು ತಾಗಿದರೆ ಬಣ್ಣವೇ ಕದಡುವುದರಿಂದ ನಾನು ಒಪ್ಪಲಿಲ್ಲ.

ಕಾಗದದ ಮೇಲಿನ ಚಿತ್ರಗಳನ್ನು ಸಂರಕ್ಷಿಸುವ ನುರಿತವರು ಮಂಗಳೂರು, ಮೈಸೂರು ಅಥವಾ ಬೆಂಗಳೂರಿನಲ್ಲಿ ಯಾರಿದ್ದಾರೆಂದು, ಅವರಿಂದ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಗಾಜನ್ನು ಬಿಡಿಸದೆ ಹಾಗೆಯೇ ಇಡುವುದು ಸರಿಯೇ? ಫ್ರೇಮಿನೊಳಗೆ ಚಿತ್ರಕ್ಕೆ ಆಧಾರವಾಗಿ ಇಡುವ ಆಮ್ಲರಹಿತ ರಟ್ಟು (ಮೌಂಟ್ ಬೋರ್ಡ್) ಎಲ್ಲಿ ಸಿಗುತ್ತದೆಂಬುದನ್ನೂ ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.