‘ದಾಳಿಗೆ 30 ಬಲಿ’ ಸರಿ, ಕೊಂದವರು ಯಾರು?

ಸುದ್ದಿಹುಳ:
ಯುದ್ಧದ ಸುದ್ದಿ ಓದುವಾಗೆಲ್ಲ ಒಂದು ವಿಷಯ ತಲೆ ಕೊರೆಯುತ್ತದೆ. ಒಂದು ಕಡೆಯವರು ಸತ್ತರೆ ‘ಹತ್ಯೆ’, ‘ನರಮೇಧ’. ಇನ್ನೊಂದು ಕಡೆಯವರು ಸತ್ತರೆ ‘ದಾಳಿಗೆ 30 ಬಲಿ’, ಅಷ್ಟೇ, ಬಾಂಬ್ ತಾನಾಗಿಯೇ ಮೋಡದಿಂದ ಉದುರಿತೇನೋ ಅನ್ನುವ ಹಾಗೆ. ಇದು ಬೇಕಂತಲೇ ಮಾಡುವುದಾ, ಇಲ್ಲ ನಾನೇ ಜಾಸ್ತಿ ಯೋಚಿಸುತ್ತಿದ್ದೇನಾ?

ಹಳೇಡೆಸ್ಕ್:
ಕೆಲವು ವರ್ಷ ಸುದ್ದಿ ಡೆಸ್ಕಿನಲ್ಲಿ ಕೂತವನು ನಾನು. ಅರ್ಧ ಬೇಕಂತ, ಅರ್ಧ ಅವಸರ. ರಾತ್ರಿ ಪುಟ ಬಿಡುವ ಹೊತ್ತು, ಎರಡು ಕಾಲಂನಲ್ಲಿ ತಲೆಬರಹ ಕೂರಬೇಕು, ಆಗ ಮೊದಲು ಹಾರಿಹೋಗುವುದು ‘ಯಾರು’ ಅನ್ನುವುದೇ. ‘ಬಲಿ’ ಎರಡೇ ಅಕ್ಷರ, ಯಾರನ್ನೂ ದೂರುವುದಿಲ್ಲ, ಹಾಗಾಗಿ ನಮಗೆಲ್ಲ ಅಚ್ಚುಮೆಚ್ಚು. ಆದರೆ ನಮಗಾಗದವರು ಕೊಂದಾಗ ಅವರ ಹೆಸರಿಗೆ ಜಾಗ ಹೇಗೋ ಸಿಕ್ಕಿಬಿಡುತ್ತಿತ್ತು. ಅದನ್ನು ಒಪ್ಪುತ್ತೇನೆ.

ನಿಧಾನಸ್ಥ:
ಹಾಗಂತ ಗೊತ್ತಿಲ್ಲದೆ ಹೆಸರು ಹಾಕಿದರೂ ಕಷ್ಟ. 1898ರಲ್ಲಿ ಅಮೆರಿಕದ ‘ಮೇನ್’ ಯುದ್ಧನೌಕೆ, ಆಗ ಸ್ಪೇನ್ ಆಳುತ್ತಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಮುಗಿಯುವ ಮೊದಲೇ ಅಮೆರಿಕದ ಪತ್ರಿಕಾ ಮಾಲೀಕ ಹರ್ಸ್ಟ್ ಅವರ ಪತ್ರಿಕೆ ‘ಇದು ಶತ್ರುವಿನ ಕೆಲಸ’ ಅಂತ ದಪ್ಪಕ್ಷರದಲ್ಲಿ ಹಾಕಿತು. ಎರಡೇ ತಿಂಗಳಲ್ಲಿ ಸ್ಪೇನ್ ಜೊತೆ ಯುದ್ಧ! (ಅದಕ್ಕೆ ಬೇರೆ ಕಾರಣಗಳೂ ಇದ್ದವು, ಪತ್ರಿಕೆಯೊಂದೇ ಅಲ್ಲ.) 1976ರಲ್ಲಿ ಅಮೆರಿಕದ ನೌಕಾಪಡೆಯ ಅಡ್ಮಿರಲ್ ರಿಕೋವರ್ ಮತ್ತೆ ಪರಿಶೀಲಿಸಿದಾಗ, ಹಡಗಿನೊಳಗಿನ ಕಲ್ಲಿದ್ದಲಿಗೆ ಬಿದ್ದ ಬೆಂಕಿಯೇ ಕಾರಣವಿರಬಹುದು ಅಂತ ಹೇಳಿದರು.

ಪದಪೆಟ್ಟಿಗೆ:
ಪದದಲ್ಲೇನಿದೆ ಬಿಡಿ ಅನ್ನುವವರು ರಷ್ಯಾ ನೋಡಿ. 2022ರ ಫೆಬ್ರವರಿ 24ರಂದು ಉಕ್ರೇನಿಗೆ ನುಗ್ಗಿ ಅದನ್ನು ‘ವಿಶೇಷ ಸೇನಾ ಕಾರ್ಯಾಚರಣೆ’ ಅಂತ ಕರೆದರು. ‘ಯುದ್ಧ’, ‘ಆಕ್ರಮಣ’ ಅಂತ ಬರೆಯಬೇಡಿ ಅಂತ ಮಾಧ್ಯಮಗಳಿಗೆ ಸರ್ಕಾರದ ತಾಕೀತು. ಮಾರ್ಚ್‌ನಲ್ಲಿ ಕಾನೂನೇ ಬಂತು, ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಜೈಲು. ಅಮೆರಿಕವೇನೂ ಕಮ್ಮಿಯಿಲ್ಲ, 1950ರಲ್ಲಿ ಕೊರಿಯಾ ಯುದ್ಧ ‘ಪೊಲೀಸ್ ಕ್ರಮ’ವಾಗಿತ್ತು.

ಗುಬ್ಬಚ್ಚಿ:
ನನಗೆ ‘ಬಲಿ’ಗಿಂತ ‘ಉಡೀಸ್’ ಕಂಡರೆ ಸಿಟ್ಟು. ‘ಶತ್ರು ನೆಲೆ ಉಡೀಸ್’, ‘ಕ್ಷಿಪಣಿಗಳ ಸುರಿಮಳೆ’. ಕ್ರಿಕೆಟ್ ಮ್ಯಾಚಿನ ಹಾಗೆ. ಆ ನೆಲೆಯ ಪಕ್ಕದಲ್ಲಿ ಮನೆಗಳಿದ್ದವಾ ಅಂತ ಕೇಳಬೇಕು ಅಂತಲೇ ಅನ್ನಿಸುವುದಿಲ್ಲ.

ಸುದ್ದಿಹುಳ:
ಹಳೇಡೆಸ್ಕ್ ಸಾರ್, ಹಾಗಾದರೆ ‘ತಿರುಗೇಟು’? ಮೊದಲ ಏಟು ಯಾರದ್ದು ಅಂತ ಆ ಪದದಲ್ಲೇ ತೀರ್ಪು ಕೊಟ್ಟಂತೆ ಅಲ್ವಾ?

ಹಳೇಡೆಸ್ಕ್:
ಹೌದು, ನಾನೂ ಬೇಕಾದಷ್ಟು ಸಲ ಹಾಕಿದ್ದೇನೆ. ಮೊದಲ ಏಟು ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂತರೆ ಆ ರಾತ್ರಿ ಪುಟ ಹೋಗುತ್ತಿರಲಿಲ್ಲ.