ಮಳೆಗಾಲದಲ್ಲಿ ಮಡಕೆ ಗೊಬ್ಬರ ನಾರುತ್ತಿದೆ, ಹುಳ ಬಂದಿದೆ. ಏನು ಮಾಡೋದು?

ವಿಜಯನಗರದ ತಾರಸಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಬೀದಿಯವರೇ ಸೇರಿ ಕೈತೋಟದ ಗುಂಪು ಮಾಡಿಕೊಂಡಿದ್ದೇವೆ. ಭಾನುವಾರ ಪಾರ್ಕಿನಲ್ಲಿ ಸೇರಿ ಬೀಜ, ಸಸಿ ಹಂಚಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ಸುಮಾರು ಮನೆಗಳವರು ಮಣ್ಣಿನ ಮಡಕೆ ಇಟ್ಟು ಅಡುಗೆಮನೆ ಕಸದಿಂದ ಗೊಬ್ಬರ ಮಾಡಲು ಶುರು ಮಾಡಿದರು, ಆಗ ಚೆನ್ನಾಗಿಯೇ ಬರುತ್ತಿತ್ತು. ಈಗ ಮಳೆ ಹಿಡಿದ ಮೇಲೆ ಎಲ್ಲರ ಮಡಕೆಯೂ ರಾಡಿ, ಕೊಳೆತ ವಾಸನೆ, ಜೊತೆಗೆ ದಪ್ಪ ದಪ್ಪ ಹುಳ. ಮೇಲಿನ ಮನೆಯವರು ಜಗಳಕ್ಕೆ ಬರುತ್ತಾರೆ ಅಂತ ಕೆಲವರು ಆಗಲೇ ಕೈಬಿಟ್ಟಿದ್ದಾರೆ, ನನಗೆ ತುಂಬಾ ಬೇಜಾರಾಗಿದೆ. ಕಲ್ಚರ್ ಪುಡಿ (ಕಸ ಕೊಳೆಸುವ ಸೂಕ್ಷ್ಮಜೀವಿಗಳ ಪುಡಿ) ಜಾಸ್ತಿ ಹಾಕಿ ಅಂತ ಒಬ್ಬರು ಹೇಳಿದರು. ಮನೆಮನೆಯಲ್ಲಿ ಬೇಡ, ಪಾರ್ಕಿನ ಮೂಲೆಯಲ್ಲಿ ಎಲ್ಲರದ್ದೂ ಒಟ್ಟಿಗೆ ಮಾಡೋಣ ಅಂತ ಇನ್ನು ಕೆಲವರು. ಯಾವುದು ಸರಿ?

ಹಿತ್ತಿಲ ಗಿಡ:
ದಯವಿಟ್ಟು ಯಾರೂ ನಿಲ್ಲಿಸಬೇಡಿ. ಇದು ಒಣ ಎಲೆ ಸಾಲದೆ ಬಂದ ತೊಂದರೆ, ಅಷ್ಟೇ. ತರಕಾರಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಬೇಸಿಗೆಯಲ್ಲಿ ಮಡಕೆಯ ಮೈಯಿಂದ ಅದು ತಾನಾಗಿ ಆರಿ ಹೋಗುತ್ತದೆ, ಮಳೆಗಾಲದಲ್ಲಿ ಗಾಳಿಯೇ ತೇವ, ಆರುವುದು ಎಲ್ಲಿಗೆ? ನೀರು ತುಂಬಿದ ಕಡೆ ಗಾಳಿ ಆಡುವುದಿಲ್ಲ, ಗಾಳಿ ಇಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೆಚ್ಚಾಗಿ ಆ ಕೊಳೆತ ವಾಸನೆ ಬರುತ್ತದೆ.

ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿಯಾಗಿದೆ, ಧಾರೆ ಇಳಿದರೆ ಜಾಸ್ತಿ ಒದ್ದೆ. ಹಾಗಿದ್ದರೆ ಎಲ್ಲವನ್ನೂ ಹಳೇ ಪೇಪರ್ ಮೇಲೆ ಸುರಿದು, ಮಳೆ ಬೀಳದ ಕಡೆ ಅರ್ಧ ದಿನ ಹರಡಿ, ಪುಡಿ ಮಾಡಿದ ಒಣ ಎಲೆ ಧಾರಾಳವಾಗಿ ಬೆರೆಸಿ ಮತ್ತೆ ತುಂಬಿ. ಆಮೇಲೆ ದಿನಾ ಒಂದು ಬಟ್ಟಲು ಸಿಪ್ಪೆಗೆ ಎರಡು ಬಟ್ಟಲು ಎಲೆ. ಎಲೆ ಸಿಗದಿದ್ದರೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಮರಗೆಲಸದವರ ಹತ್ತಿರ ಸಿಗುವ ಮರದ ಹೊಟ್ಟು, ಆದರೆ ಪ್ಲೈವುಡ್‌ನದ್ದು ಬೇಡ, ಅದರಲ್ಲಿ ಅಂಟು ಇರುತ್ತದೆ. ಹೆಚ್ಚಾಗಿ ಒಣ ಎಲೆಯಿಂದ ಬರುವ ಇಂಗಾಲ ಮತ್ತು ಸಿಪ್ಪೆಯಿಂದ ಬರುವ ಸಾರಜನಕ ಸುಮಾರು 30ಕ್ಕೆ 1 ಇದ್ದರೆ ಕೊಳೆಯುವ ಕೆಲಸ ಸರಾಗ ಅಂತ ಪುಸ್ತಕದಲ್ಲಿ ಬರೆಯುತ್ತಾರಲ್ಲ, ನಮ್ಮ ಅಡುಗೆಮನೆಯಲ್ಲಿ ಆ ಲೆಕ್ಕ ಅಂದರೆ ಈ ಎರಡು ಬಟ್ಟಲು ಎಲೆಯೇ.

ಕಲ್ಚರ್ ಪುಡಿಗೆ ಸುಮ್ನೆ ದುಡ್ಡು ಹಾಕಬೇಡಿ. ಸೂಕ್ಷ್ಮಜೀವಿಗಳು ಎಲೆಯಲ್ಲೂ ಹಳೇ ಗೊಬ್ಬರದಲ್ಲೂ ಬೇಕಾದಷ್ಟಿವೆ. ಆದ ಗೊಬ್ಬರ ಒಂದು ಹಿಡಿ ಉಳಿಸಿಕೊಂಡು ಹೊಸ ಮಡಕೆಗೆ ಹಾಕಿದರೆ ಸಾಕು.

ಹುಳ ಬೂದು ಬಣ್ಣಕ್ಕಿದ್ದು ದಪ್ಪಗೆ, ಮೈಮೇಲೆ ಗೀರು ಗೀರು ಇದ್ದರೆ ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿ. ಕಚ್ಚುವುದಿಲ್ಲ, ಕಸ ಬೇಗ ತಿಂದು ಮುಗಿಸುತ್ತದೆ. ಅದು ಬೆಳೆದು ಆಗುವ ನೊಣ ಮನೆನೊಣದ ಥರ ನಮ್ಮ ಊಟದ ಮೇಲೆ ಕೂರುವುದೂ ಇಲ್ಲ. ನೋಡಲು ಆಗದವರು ಮೇಲೆ ಒಂದು ಪದರ ಒಣ ಎಲೆ ಮುಚ್ಚಿ, ಬೇವಿನ ಹಿಂಡಿ ಸ್ವಲ್ಪ ಉದುರಿಸಿ.

ದರಗಿನ ಊರು:
ನಾನು ಸಿದ್ದಾಪುರ ಕಡೆಯವನು. ನಮ್ಮಲ್ಲಿ ಬೇಸಿಗೆಯಲ್ಲಿ ಬೆಟ್ಟದಿಂದ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದು ಕೂಡಿಡುತ್ತಾರೆ. ಕೊಟ್ಟಿಗೆಗೆ ಅದನ್ನೂ ಸೊಪ್ಪನ್ನೂ ಹಾಸಿ, ಸಗಣಿ ಗಂಜಲ ಸೇರಿದ್ದನ್ನು ಗುಂಡಿಗೆ ಹಾಕಿ, ಅಡಿಕೆ ತೋಟಕ್ಕೆ ಗೊಬ್ಬರ ಮಾಡುತ್ತಾರೆ. ಎಲೆ ಸಿಗುವುದು ಬೇಸಿಗೆಯಲ್ಲಿ, ಜಾಸ್ತಿ ಬೇಕಾಗುವುದು ಮಳೆಗಾಲದಲ್ಲಿ, ಹಾಗಾಗಿ ಕೂಡಿಡಲೇಬೇಕು. ನಿಮ್ಮ ಗುಂಪು ಮಾಡಬೇಕಾದ ಮೊದಲ ಕೆಲಸ ಇದೇ ಅಂತ ನನಗೆ ಅನ್ನಿಸುತ್ತದೆ.

ವಿಜಯನಗರದ ತಾರಸಿ:
ತುಂಬಾ ಧನ್ಯವಾದ, ಇವತ್ತೇ ಹಿಂಡಿ ನೋಡಿದೆ, ಧಾರೆಯೇ ಇಳಿಯಿತು! ಆದರೆ ಎಲೆ ಎಲ್ಲಿಂದ ತರಲಿ? ನಮ್ಮ ಬೀದಿಯಲ್ಲಿ ಹೊಂಗೆ ಮರಗಳಿವೆ, ಬಿದ್ದ ಎಲೆಯನ್ನು ಯಾರೋ ಮೂಲೆಗೆ ಗುಡಿಸಿ ಬೆಂಕಿ ಹಾಕುತ್ತಾರೆ. ಮತ್ತೆ ನಿಂಬೆ ಸಿಪ್ಪೆ, ಉಳಿದ ಅನ್ನ ಹಾಕಬಹುದಾ?

ಕಸದಿಂದ ಕೈತೋಟ:
ಅನ್ನ ಸ್ವಲ್ಪ ಇದ್ದರೆ ಹಾಕಿ, ಜೊತೆಗೆ ಎಲೆ ಇನ್ನಷ್ಟು ಬೇಕು. ನಿಂಬೆ ಸಿಪ್ಪೆ ಸಣ್ಣಗೆ ಹೆಚ್ಚಿ ಹಾಕಿದರೆ ಏನೂ ಆಗಲ್ಲ. ಸಾರು, ಎಣ್ಣೆ, ಮೀನು ಮಾಂಸ ಮಡಕೆಗೆ ಬೇಡ.

ಎಲೆ ಸುಡುವವರನ್ನು ಮಾತ್ರ ಸುಮ್ಮನೆ ಬಿಡಬೇಡಿ, ಕೇಳಿ. ಬೀದಿಯಲ್ಲಿ ಕಸ ಸುಡಬಾರದು ಅಂತ ಘನತ್ಯಾಜ್ಯ ನಿಯಮಗಳಲ್ಲೇ ಇದೆ. ಆದರೆ ಪೌರಕಾರ್ಮಿಕರ ಮೇಲೆ ರೇಗಬೇಡಿ, ಗುಡಿಸಿದ್ದನ್ನು ಇಡಲು ಜಾಗ ಕೊಟ್ಟರೆ ಅವರಿಗೂ ಅನುಕೂಲ ಅಲ್ವಾ? ಪಾರ್ಕಿನಲ್ಲಿ ಅನುಮತಿ ಕೇಳುವುದಾದರೆ ಮೊದಲು ಎಲೆಗೆ ಮಾತ್ರ ಕೇಳಿ, ಎಲ್ಲರ ಅಡುಗೆಮನೆ ಕಸಕ್ಕೆ ಬೇಡ. ಕಸ ತಂದು ಸುರಿದು ಹೋಗುವವರು ಬಹಳ ಜನ ಇರುತ್ತಾರೆ, ತಿರುವಿ ಹಾಕುವವರು ಇರುವುದಿಲ್ಲ, ವಾಸನೆ ಬಂದ ದಿನ ಅಸೋಸಿಯೇಷನ್ ಎಲ್ಲವನ್ನೂ ಎತ್ತಿಸುತ್ತದೆ. ಕಬ್ಬಿಣದ ಜಾಲರಿ ಸುತ್ತಿ ಉದ್ದ, ಅಗಲ, ಎತ್ತರ ಮೂರು ಮೂರು ಅಡಿ ಇರುವ ಒಂದು ಗೂಡು ಮಾಡಿದರೆ ಸಾಕು, ಬರೀ ಎಲೆ ನಾರುವುದಿಲ್ಲ. ಹೊಂಗೆ ಯುಗಾದಿಗೆ ಮುಂಚೆ ಎಲೆ ಉದುರಿಸುತ್ತದೆ, ಆಗ ಗೋಣಿಚೀಲಗಳಲ್ಲಿ ತುಂಬಿ ಒಣಗಿದ ಜಾಗದಲ್ಲಿಟ್ಟರೆ ಮಳೆಗಾಲ ಪೂರ್ತಿ ಮನೆಮನೆಗೆ ಹಂಚಬಹುದು. ಈ ಸಲಕ್ಕೆ ಕೋಕೋಪೀಟ್ ಇಟ್ಟಿಗೆಗಳನ್ನು ಗುಂಪಿನಲ್ಲಿ ಒಟ್ಟಿಗೆ ತರಿಸಿ, ನೀರಿನಲ್ಲಿ ನೆನೆಸದೆ ಒಣಗಿದ್ದನ್ನೇ ಪುಡಿ ಮಾಡಿ ಹಾಕಿ.

ಬೆಂಗಳೂರಿನ ಕಸ 2014ರವರೆಗೂ ನಗರದ ಹೊರಗಿನ ಮಂಡೂರು ಅನ್ನುವ ಹಳ್ಳಿಗೆ ಹೋಗುತ್ತಿತ್ತು, ಆ ಊರಿನವರು ಬೀದಿಗಿಳಿದು ಹೋರಾಡಿ ನಿಲ್ಲಿಸಿದರು. ಆಮೇಲೆ ಕಸ ಬೇರೆ ಊರುಗಳ ಕಡೆ ತಿರುಗಿತು. ಕೈಬಿಟ್ಟ ಮನೆಯವರಿಗೆ ಇದನ್ನೂ ಹೇಳಿ, ಬರುವ ಭಾನುವಾರ ಅವರ ಮಡಕೆಯನ್ನು ಗುಂಪಿನವರೇ ಹೋಗಿ ಸರಿ ಮಾಡಿಕೊಡಿ.